ಐದು ಪಿನ್ನು

ಕಣ್ಣಿನ ಆಪರೇಷನ್ನಿಗೆ ಒಳಗೆ ಕರೆಯುವ ಮುನ್ನ
ನರ್ಸಮ್ಮ ಹೇಳಿದಳು, ಮೈಮೇಲೆ ಲೋಹ ಇರಬಾರದು.
ಅವ್ವ ಮೂಗುತಿ ಬಿಚ್ಚಿದಳು, ಓಲೆ ಬಿಚ್ಚಿದಳು,
ಬಳೆಗೆ ನೇತುಬಿದ್ದ ಪಿನ್ನುಗಳ ಹತ್ತಿರ ಬಂದಾಗ
ಕೈ ತಡೆಯಿತು.

"ಐದು ಅದಾವ. ಎಣಿಸ್ಕೋ."

ಎಣಿಸಿಕೊಂಡೆ.
ಓಲೆಯನ್ನು ಯಾರೂ ಎಣಿಸಲಿಲ್ಲ.

ಕೌಲ್ ಬಜಾರಿನಲ್ಲಿ ಡಜನ್ನಿಗೆ ಹತ್ತು ರೂಪಾಯಿ,
ಗುಲಾಬಿ ರಟ್ಟಿಗೆ ಚುಚ್ಚಿ ಮಾರುತ್ತಾನೆ ಮೌಲಾಸಾಬ್
ಲಾಡಿ, ಬಾಚಣಿಗೆ, ಕಿವಿಗುಗ್ಗೆ ಕಡ್ಡಿಗಳ ನಡುವೆ.
ಅವ್ವನವು ಹೊಸವಲ್ಲ.
ಒಂದರ ತಲೆ ಸೊಟ್ಟ.
ಒಂದಕ್ಕೆ ಬಾಯಿ ನಿಲ್ಲದು, ತಾನೇ ತೆರೆದುಕೊಳ್ಳುತ್ತದೆ,
ನಮ್ಮ ಚಿಕ್ಕಮ್ಮನ ಹಾಗೆ.
ಎರಡಕ್ಕೆ ತುಕ್ಕು.
ಐದನೆಯದು ಹಿತ್ತಾಳೆ, ನನಗಿಂತ ಹಿರಿಯದು.
ನನ್ನ ಲಂಗೋಟಿ ಹಿಡಿದದ್ದು ಅದೇ ಎಂದು
ಬಂದವರ ಮುಂದೆಲ್ಲ ಹೇಳಿ ಮಾನ ಕಳೆದಿದ್ದಾಳೆ.

ಎಂಟು ವರ್ಷದವಳಿದ್ದಾಗ, ಹಳಿಯಾಚೆ ಸೌದೆಗೆ ಹೋಗಿ
ಅಂಗಾಲಲ್ಲಿ ಬಳ್ಳಾರಿ ಜಾಲಿ ಮುರಿದುಕೊಂಡು ಬಂದೆ.
ಊರಿನ ಹೆಸರು ಹೊತ್ತ ಮುಳ್ಳು,
ಕರೆದರೆ ಬರುವ ಜಾತಿಯದಲ್ಲ.
ಅವ್ವ ಅದೇ ಪಿನ್ನು ಬಿಚ್ಚಿ, ಚಿಮಣಿಯಲ್ಲಿ ಕಾಯಿಸಿ,
ಸೆರಗಿಗೆ ಒರೆಸಿ, ನನ್ನ ಕಾಲು ತೊಡೆಯ ಮೇಲಿಟ್ಟು
"ಗುಡ್ಡದ ಮ್ಯಾಲಿನ ಕ್ವಾಟಿ ನೋಡು,
ಎಷ್ಟು ಕಿಂಡಿ ಅದಾವ ಹೇಳು" ಅಂದಳು.
ನಾನು ಏಳನೆಯದಕ್ಕೆ ಬಂದಿದ್ದೆ,
ಮುಳ್ಳು ಅವಳ ಅಂಗೈಯಲ್ಲಿತ್ತು.
ಎಂಟನೆಯ ಕಿಂಡಿ ಇವತ್ತಿಗೂ ನನಗೆ ಗೊತ್ತಿಲ್ಲ.

ಈಗ ಜೀನ್ಸ್ ಯೂನಿಟ್ಟಿನಲ್ಲಿ ದಾರ ಕತ್ತರಿಸುತ್ತೇನೆ,
ದಿನಕ್ಕೆ ಮುನ್ನೂರು ಪ್ಯಾಂಟು.
ಗುಂಡಿ, ರಿವಿಟ್ಟು, ಜಿಪ್ಪು,
ಜನ್ಮದಲ್ಲಿ ಬಿಡದಂತೆ ಮಷೀನು ಬಡಿದು ಕೂರಿಸುತ್ತದೆ.
ಪಿನ್ನು ಹಾಗಲ್ಲ.
ಹಿಡಿ ಅಂದರೆ ಹಿಡಿಯುತ್ತದೆ,
ಬಿಡು ಅಂದರೆ ಬಿಡುತ್ತದೆ.

ಅವ್ವ ಒಳಗೆ. ನಾನು ಹೊರಗೆ ಬೆಂಚಿನ ಮೇಲೆ,
ಮುಷ್ಟಿಯೊಳಗೆ ಐದು.
ಎದುರಿಗೊಬ್ಬ ಮುದುಕ, ಆಲೂರು ಕಡೆಯವನು,
ಹೆಂಡತಿಯ ಸ್ಟ್ರೆಚರಿನ ಪಕ್ಕ
ಒಂದು ಕೈಯಲ್ಲಿ ಸಲೈನ್ ಬಾಟಲಿ ಎತ್ತಿ ಹಿಡಿದು
ಇನ್ನೊಂದು ಕೈಯಲ್ಲಿ ಪೈಜಾಮ ಹಿಡಿದು ನಿಂತಿದ್ದ.
ಲಾಡಿ ಹರಿದಿತ್ತು.
ಯಾವ ಕೈ ಬಿಟ್ಟರೂ ಒಂದು ಹೋಗುತ್ತಿತ್ತು.

ಬಾಟಲಿ ನಾನು ಹಿಡಿದೆ.
ಅವನು ಗೋಡೆಯ ಕಡೆ ತಿರುಗಿದ.
ಆಕೆ ಮಲಗಿದ್ದಲ್ಲೇ ನಕ್ಕಳು, ಸಣ್ಣಗೆ,
ಹನಿಯೊಂದು ಬಿದ್ದಷ್ಟು ಹೊತ್ತು.
ಆಮೇಲೆ ಅವನು ತೆಲುಗಿನಲ್ಲಿ ಕೇಳಿದ,
ತಿರುಗಿ ಹೇಗೆ ಕೊಡಲಿ, ತಾಯಿ?
ನನ್ನ ಹತ್ತಿರ ಉತ್ತರ ಇರಲಿಲ್ಲ.
ಸ್ಟ್ರೆಚರು ಲಿಫ್ಟಿನೊಳಗೆ ಹೋದ ಮೇಲೆ ಮುಷ್ಟಿ ಬಿಚ್ಚಿದೆ.
ಅವಸರದಲ್ಲಿ ಕೈಗೆ ಸಿಕ್ಕಿದ್ದು ಹಿತ್ತಾಳೆಯದು.

ರಾತ್ರಿಯಿಡೀ ಸುಳ್ಳು ಹುಡುಕಿದೆ.

ಮರುದಿನ ಪಟ್ಟಿ ಬಿಚ್ಚಿದರು.
ಅವ್ವ ಡಾಕ್ಟರನ್ನು ನೋಡಲಿಲ್ಲ, ಕಿಟಕಿ ನೋಡಲಿಲ್ಲ,
ನನ್ನ ಉಗುರು ನೋಡಿದಳು.
"ಇಷ್ಟು ನೀಲಿ ಅದಾವೇನ ನಿನ್ನ ಕೈ?
ಒಮ್ಮಿನೂ ಹೇಳಲಿಲ್ಲಲ್ಲ."
ಆಮೇಲೆ ಪಿನ್ನು ಇಸಕೊಂಡು, ಹೊಸ ಕಣ್ಣು ಮುಚ್ಚಿ
ಬೆರಳಿನಿಂದ ಎಣಿಸಿದಳು.
"ನಾಕು."

ಹೇಳಿದೆ. ಇದ್ದದ್ದು ಇದ್ದ ಹಾಗೆ.
ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಅದನ್ನ ಕೊಡಬೇಕಿತ್ತು ಬಿಡು.
ಸೊಟ್ಟಂದು ಕೊಟ್ಟಿದ್ರ
ಲಿಫ್ಟು ಇಳಿಯೂದ್ರಾಗ ಆ ಯಜಮಾನನ ಕಥಿ ಮುಗೀತಿತ್ತು."

ಮನೆಗೆ ಬರುವಾಗ ಆಟೋ ಅದುರಿದಾಗಲೆಲ್ಲ
ಅವಳ ಬಳೆ ಒಂದು ಸದ್ದು ಕಡಿಮೆ ಮಾಡುತ್ತಿತ್ತು.
ಮೌಲಾಸಾಬನ ಗಾಡಿಯ ಮುಂದೆ ನಿಲ್ಲಿಸಿದಳು.
"ಹಿತ್ತಾಳಿದು ಅದಾವೇನು?"
"ಅವು ಬರೂದು ನಿಂತು ಎಷ್ಟು ವರ್ಷಾತಕ್ಕ."
"ಹಂಗಾರ ಒಂದು ಲಾಡಿ ಕೊಡು."
ನಾನು ಕೇಳಿದೆ, ನಮ್ಮ ಮನೆಯಲ್ಲಿ ಲಾಡಿ ಯಾರಿಗೆ?

ಅವ್ವ ಅದನ್ನು ಸುತ್ತಿ ಸುತ್ತಿ
ಎಲೆಯಡಿಕೆಯ ಚೀಲದೊಳಗೆ ಇಟ್ಟುಕೊಂಡಳು.
"ಯಾರಿಗರ" ಅಂದಳು.